ಬಿಡುವಿನ ವೇಳೆಯ ಕಥೆಗಾರರು

ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿಯೆಂದು ಸಾಹಿತ್ಯ ಚರಿತ್ರೆಯಲ್ಲಿ ಹೆಸರಾದ ‘ಇಂದಿರಾಬಾಯಿ’ಯನ್ನು ಬರೆದವರು ಪೊಲೀಸ್ ಇಲಾಖೆಯ ನೌಕರಿಯಲ್ಲಿದ್ದ ಗುಲ್ವಾಡಿ ವೆಂಕಟರಾಯರು. ಅದು 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಅದಕ್ಕಿಂತ ಹತ್ತು ವರ್ಷ ಮೊದಲು, 1889ರಲ್ಲಿ, ಮಲಯಾಳದಲ್ಲಿ ‘ಇಂದುಲೇಖ’ ಬಂದಿತ್ತು. ಅದನ್ನು ಬರೆದ ಒ. ಚಂದು ಮೇನೋನರು ನ್ಯಾಯಾಲಯದಲ್ಲಿ ಮುನ್ಸೀಫರಾಗಿದ್ದವರು. ಒಬ್ಬರು ದಕ್ಷಿಣ ಕನ್ನಡ ಜಿಲ್ಲೆಯವರು, ಇನ್ನೊಬ್ಬರು ಪಕ್ಕದ ಮಲಬಾರಿನವರು. ಎರಡು ಜಿಲ್ಲೆಗಳೂ ಆಗ ಮದರಾಸು ಪ್ರಾಂತಕ್ಕೆ ಸೇರಿದ್ದವು. ಇಬ್ಬರಿಗೂ ಬರವಣಿಗೆ ಹೊಟ್ಟೆಪಾಡಾಗಿರಲಿಲ್ಲ. ಇಬ್ಬರ ಎದುರಿಗೂ ತಮ್ಮ ಭಾಷೆಯಲ್ಲಿ ಅನುಸರಿಸಲು ಸಿದ್ಧವಾದ ದಾರಿ ಇರಲಿಲ್ಲ. ಹಾಗಿದ್ದೂ ಬರೆದರು.

ಕಥೆ ಬರೆಯಬೇಕೆಂಬ ಆಸೆಯುಳ್ಳ ಹುಡುಗ ಹುಡುಗಿಯರು ನಮ್ಮ ತಾಳವಾಡಿಯಲ್ಲಿಯೂ ಇದ್ದಾರೆ, ಕಾಸರಗೋಡಿನಲ್ಲಿಯೂ ಇದ್ದಾರೆ. ‘ನಮಗೆ ಪುರಸೊತ್ತಿಲ್ಲ, ನಮ್ಮದು ಶುದ್ಧ ಕನ್ನಡವಲ್ಲ, ನಮ್ಮ ಊರಿನಲ್ಲಿ ಬರೆಯುವಂಥದ್ದೇನಿದೆ’ ಎಂಬ ಮೂರು ಮಾತು ಅವರ ಬಾಯಲ್ಲಿ ಸಾಮಾನ್ಯ. ಈ ಮೂರಕ್ಕೂ ಉತ್ತರ ಕನ್ನಡ ಕಥಾಸಾಹಿತ್ಯದ ಚರಿತ್ರೆಯಲ್ಲಿಯೇ ಇದೆ. ಪ್ರತಿಭೆಯನ್ನು ಯಾರೂ ಯಾರಿಗೂ ಕಲಿಸಲಾರರು. ಆದರೆ ಹಿಂದಿನವರು ಯಾವ ಅಭ್ಯಾಸಗಳಿಂದ ಬರೆದರು ಎಂಬುದನ್ನು ನೋಡಿ ಕಲಿಯಬಹುದು. ಈ ಲೇಖನದ ಉದ್ದೇಶ ಅಷ್ಟೇ.

ತಾಳವಾಡಿ ಎಂಬ ಗಡಿ

ಕಾಸರಗೋಡಿನ ಓದುಗರಿಗೆ ತಾಳವಾಡಿಯ ಪರಿಚಯ ಸ್ವಲ್ಪ ಬೇಕಾದೀತು. ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿ ಸತ್ಯಮಂಗಲದಿಂದ ಬಣ್ಣಾರಿಯ ಮೇಲೆ ಬಂದು, ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿದರೆ ಹಾಸನೂರು, ಅದರಾಚೆ ತಾಳವಾಡಿಯ ಸೀಮೆ. ನಮ್ಮ ಜಿಲ್ಲಾ ಕೇಂದ್ರ ಈರೋಡು ಕೆಳಗಿನ ಬಯಲಿನಲ್ಲಿ ದೂರ ಉಳಿಯುತ್ತದೆ. ಚಾಮರಾಜನಗರ ಪಕ್ಕದ ಊರು. ರಾಗಿ, ಮುಸುಕಿನ ಜೋಳ, ಅರಿಶಿನ, ಎಲೆಕೋಸು, ಚೆಂಡುಹೂ ಬೆಳೆಯುವ ಹೊಲಗಳು. ಸುತ್ತ ಆನೆ ಹುಲಿಗಳ ಕಾಡು. ಜನರ ಆಡುಮಾತು ಬಹುಪಾಲು ಕನ್ನಡ.

ಮದರಾಸು ಪ್ರಾಂತದ ಕಾಲದಲ್ಲಿ ಇದು ಕೊಯಮತ್ತೂರು ಜಿಲ್ಲೆಯ ಭಾಗ. 1956ರ ನವೆಂಬರ್ 1ರಂದು ಅದೇ ಜಿಲ್ಲೆಯ ಕೊಳ್ಳೇಗಾಲ ತಾಲೂಕು ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿ ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಅದೇ ದಿನ ದಕ್ಷಿಣ ಕನ್ನಡದ ಕಾಸರಗೋಡು ಕೇರಳಕ್ಕೆ ಹೋಯಿತು. ಹೀಗೆ ನಿಮಗೂ ನಮಗೂ ಗಡಿ ಹುಟ್ಟಿದ್ದು ಒಂದೇ ದಿನ. 1979ರಲ್ಲಿ ಕೊಯಮತ್ತೂರನ್ನು ಒಡೆದು ಪೆರಿಯಾರ್ ಜಿಲ್ಲೆ ಮಾಡಿದರು. ಅದೇ ಮುಂದೆ ಈರೋಡು ಜಿಲ್ಲೆಯಾಯಿತು.

ತಾಳವಾಡಿ ಎಂದೊಡನೆ ಹೊರಗಿನ ಕನ್ನಡಿಗರಿಗೆ ನೆನಪಾಗುವುದು ರಾಜ್‌ಕುಮಾರ್. 1929ರಲ್ಲಿ ಅವರು ಹುಟ್ಟಿದ ಗಾಜನೂರು ನಮ್ಮ ಸೀಮೆಯದು. ಶಾಲೆಯಲ್ಲಿ ಹೆಚ್ಚು ಓದದ ಅವರು ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಜೊತೆ ನಾಟಕ ಕಂಪನಿಯಲ್ಲಿ ಕನ್ನಡವನ್ನು ಕಿವಿಯಿಂದ ಕಲಿತರು. ಇಡೀ ನಾಡು ಅವರ ಉಚ್ಚಾರಣೆಯನ್ನು ಮೆಚ್ಚಿತು. ಎರಡನೆಯದಾಗಿ ನೆನಪಾಗುವುದು 2000ದ ಜುಲೈ 30ರ ರಾತ್ರಿ ವೀರಪ್ಪನ್ ಅವರನ್ನು ಗಾಜನೂರಿನಿಂದ ಅಪಹರಿಸಿ, 108 ದಿನ ಕಾಡಿನಲ್ಲಿರಿಸಿಕೊಂಡದ್ದು. ಮೂರನೆಯದಾಗಿ, ದೀಪಾವಳಿ ಮುಗಿದ ಮೇಲೆ ಗುಮಟಾಪುರದಲ್ಲಿ ಸಗಣಿ ಎರಚಾಡುವ ಗೊರೆ ಹಬ್ಬದ ಚಿತ್ರಗಳು. ಇವೆಲ್ಲ ನಮ್ಮ ಬಗ್ಗೆ ಹೊರಗಿನವರು ಬರೆದ ಸುದ್ದಿಗಳು. ಆ 108 ದಿನ ಕಾಡಂಚಿನ ಹಟ್ಟಿಗಳಲ್ಲಿ ಜನ ಹೇಗೆ ಮಲಗಿದರು, ಎದ್ದರು, ದನ ಮೇಯಿಸಲು ಹೋದರು ಎಂಬುದು ಸುದ್ದಿಯಲ್ಲಿ ಬರುವುದಿಲ್ಲ. ಅದು ಬರಬೇಕಾದರೆ ಕಥೆಯಲ್ಲಿ ಬರಬೇಕು. ಅದನ್ನು ಬರೆಯಬೇಕಾದವರು ಈ ಊರಿನಲ್ಲಿಯೇ ಇರುವವರು. ಆ ದಿನಗಳನ್ನು ಕಂಡವರಿಗೆ ಈಗ ವಯಸ್ಸಾಗುತ್ತಿದೆ.

ಮನೆಮಾತು ಬೇರೆಯಾದವರು

‘ನಮ್ಮದು ಶುದ್ಧ ಕನ್ನಡವಲ್ಲ’ ಎಂಬ ಅಳುಕನ್ನು ಮೊದಲು ಬಿಡಿಸಬೇಕು. ಗುಲ್ವಾಡಿಯವರ ಮನೆಮಾತು ಕೊಂಕಣಿ. 1900ರಲ್ಲಿ ಮಂಗಳೂರಿನ ‘ಸುವಾಸಿನಿ’ ಪತ್ರಿಕೆಯಲ್ಲಿ ಸಣ್ಣಕಥೆಗಳನ್ನು ಬರೆದು ಆ ಪ್ರಕಾರಕ್ಕೆ ಕನ್ನಡದಲ್ಲಿ ಬುನಾದಿ ಹಾಕಿದ ಪಂಜೆ ಮಂಗೇಶರಾಯರ ಮನೆಮಾತೂ ಕೊಂಕಣಿಯೇ. ಸಣ್ಣಕಥೆಯ ಜನಕರೆಂದು ಕರೆಸಿಕೊಂಡ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಯಲ್ಲಿ ಆಡುತ್ತಿದ್ದದ್ದು ತಮಿಳು. ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರದು ಮಲಯಾಳಂ. ‘ಹಾರ್ಟ್ ಲ್ಯಾಂಪ್’ ಸಂಕಲನಕ್ಕಾಗಿ 2025ರಲ್ಲಿ ದೀಪಾ ಭಾಸ್ತಿ ಅವರೊಡನೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಹಾಸನದ ವಕೀಲೆ ಬಾನು ಮುಷ್ತಾಕ್ ಅವರ ಮನೆಮಾತು ದಖ್ಖನಿ ಉರ್ದು. ಇವರು ಯಾರೂ ಎರಡು ಭಾಷೆಯ ನಡುವೆ ಬೆಳೆದದ್ದನ್ನು ಕೊರತೆಯೆಂದು ಎಣಿಸಲಿಲ್ಲ. ಒಂದು ಭಾಷೆಯಲ್ಲಿ ಬದುಕಿ ಇನ್ನೊಂದರಲ್ಲಿ ಬರೆಯುವವನಿಗೆ ಪ್ರತಿ ಮಾತಿನ ತೂಕ ಬೇಗ ತಿಳಿಯುತ್ತದೆ. ತಾಳವಾಡಿಯ ಹುಡುಗನಿಗೆ ತಮಿಳೂ ಕನ್ನಡವೂ, ಕಾಸರಗೋಡಿನ ಹುಡುಗಿಗೆ ಮಲಯಾಳವೂ ತುಳುವೂ ಕನ್ನಡವೂ ಬರುತ್ತವೆ ಎಂದರೆ ಅದು ಆಸ್ತಿಯೇ ಸರಿ.

ಇದಕ್ಕೆ ತಮಿಳಿನಲ್ಲಿಯೂ ದೊಡ್ಡ ಉದಾಹರಣೆಯಿದೆ. ಕೋವಿಲ್‌ಪಟ್ಟಿಯ ಬಳಿಯ ಇಡೈಸೆವಲ್ ಗ್ರಾಮದ ಕಿ. ರಾಜನಾರಾಯಣನ್ ರೈತರು, ಶಾಲೆ ಕಲಿತದ್ದು ಕಡಿಮೆ, ಮನೆಮಾತು ತೆಲುಗು. ತೆಲುಗು ನಾಡಿನಿಂದ ವಲಸೆ ಬಂದ ತಮ್ಮವರ ಕಥೆಯನ್ನು ‘ಗೋಪಲ್ಲ ಗ್ರಾಮಂ’ ಎಂಬ ಕಾದಂಬರಿಯಲ್ಲಿ ತಮಿಳಿನಲ್ಲಿ ಬರೆದರು. ಅದರ ಮುಂದುವರಿದ ಭಾಗಕ್ಕೆ 1991ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ತಮ್ಮ ಎರೆಭೂಮಿಯ ಆಡುನುಡಿಗೆ ಒಂದು ನಿಘಂಟನ್ನೇ ಕೂಡಿಸಿದರು. ಅವರು 2021ರಲ್ಲಿ ತೀರಿಕೊಂಡಾಗ ತಮಿಳುನಾಡು ಸರ್ಕಾರ ಗೌರವದಿಂದ ಬೀಳ್ಕೊಟ್ಟಿತು. ಭಾಷಾ ಅಲ್ಪಸಂಖ್ಯಾತರ ಮನೆಯಲ್ಲಿ ಹುಟ್ಟಿದ ರೈತನೊಬ್ಬ ತನ್ನ ಸೀಮೆಯ ಮಾತನ್ನು ಕೈಬಿಡದೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಇದು ಸಾಕ್ಷಿ.

ಕೇಳುವ ಅಭ್ಯಾಸ

ಕಥೆಗಾರನ ಮೊದಲನೆಯ ಅಭ್ಯಾಸ ಕೇಳುವುದು. ಮಾಸ್ತಿಯವರ ಅನೇಕ ಕಥೆಗಳಲ್ಲಿ ಯಾರೋ ಯಾರಿಗೋ ಹೇಳಿದ ಸಂಗತಿಯನ್ನು ನಿರೂಪಕ ನಮಗೆ ಮುಟ್ಟಿಸುತ್ತಾನೆ. ಎದುರಿಗೆ ಕುಳಿತು ಮಾತಾಡಿದ ಹಾಗೆ ಆ ಕಥೆಗಳು ನಡೆಯುತ್ತವೆ. ಅಧಿಕಾರಿಯಾಗಿ ಊರೂರು ತಿರುಗಿದ ಮನುಷ್ಯ ಜನರ ಮಾತಿಗೆ ಕಿವಿಗೊಡದಿದ್ದರೆ ಆ ನಡೆ ಬರುತ್ತಿರಲಿಲ್ಲ. ಅವರಿಗಿಂತ ಮೊದಲು ಅಮಲ್ದಾರರಾಗಿದ್ದ ಎಂ.ಎಸ್. ಪುಟ್ಟಣ್ಣನವರು 1915ರಲ್ಲಿ ಪ್ರಕಟಿಸಿದ ‘ಮಾಡಿದ್ದುಣ್ಣೋ ಮಹಾರಾಯ’ದಲ್ಲಿಯೂ ಹಳೆಯ ಮೈಸೂರಿನ ಹಳ್ಳಿಯ ಬದುಕು ಅಲ್ಲಿನ ಮಾತಿನೊಡನೆ ಬಂದಿದೆ.

ನಮ್ಮ ಸೀಮೆಗೆ ಇನ್ನೂ ಹತ್ತಿರದ ಉದಾಹರಣೆ ದೇವನೂರು ಮಹಾದೇವ. ನಂಜನಗೂಡು ತಾಲೂಕಿನ ದೇವನೂರಿನವರು. 1984ರಲ್ಲಿ ಬಂದ ಅವರ ‘ಕುಸುಮಬಾಲೆ’ ಗಾತ್ರದಲ್ಲಿ ಸಣ್ಣ ಪುಸ್ತಕ. 1990ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ಪುಸ್ತಕದ ಕನ್ನಡ ಬೆಂಗಳೂರಿನ, ಧಾರವಾಡದ ಓದುಗರಿಗೆ ಮೊದಲು ತೊಡಕೆನಿಸಿತು. ತಾಳವಾಡಿಯ ಅಜ್ಜಿಗೆ ಅದನ್ನು ಓದಿ ಹೇಳಿದರೆ ತೊಡಕೆನಿಸದು. ಹಾಲು ‘ಆಲು’ ಆಗುವ, ಹುಲಿ ‘ಉಲಿ’ ಆಗುವ ಕನ್ನಡ ನಮ್ಮದೂ ಹೌದು. ನಾವು ತಪ್ಪೆಂದು ನಾಚಿಕೊಂಡ ಮಾತೇ ದೇಶದ ದೊಡ್ಡ ಸಾಹಿತ್ಯ ಪ್ರಶಸ್ತಿಯ ಪಟ್ಟಿಯಲ್ಲಿ ಕುಳಿತಿದೆ. ಮಲೆ ಮಹದೇಶ್ವರ ಬೆಟ್ಟದ ಸೀಮೆಯ ಪೊನ್ನಾಚಿಯಿಂದ ಬಂದ ಸ್ವಾಮಿ ಪೊನ್ನಾಚಿ ಅವರ ‘ಧೂಪದ ಮಕ್ಕಳು’ ಕಥಾಸಂಕಲನಕ್ಕೆ 2020ರ ಸಾಹಿತ್ಯ ಅಕಾಡೆಮಿ ಯುವ ಪುರಸ್ಕಾರ ಸಂದಿತು. ನಮ್ಮ ಪಕ್ಕದ ಬೆಟ್ಟದಲ್ಲಿ ಆದದ್ದು ನಮ್ಮ ಬೆಟ್ಟದಲ್ಲಿ ಆಗಬಾರದೆಂದೇನೂ ಇಲ್ಲ.

ಕಂಸಾಳೆಯವರು ಹಾಡುವ ಮಾದೇಶ್ವರನ ಕಥೆ, ನೀಲಗಾರರು ಹಾಡುವ ಮಂಟೇಸ್ವಾಮಿಯ ಕಥೆ ನಮ್ಮ ಸುತ್ತಿನ ಸೀಮೆಯ ದೊಡ್ಡ ಪಾಠಶಾಲೆಗಳು. ಮಾದೇಶ್ವರನ ಮಹಾಕಾವ್ಯವನ್ನು ಹಾಡುವವರ ಬಾಯಿಂದ ಕೇಳಿ ಬರೆದುಕೊಂಡು ಪಿ.ಕೆ. ರಾಜಶೇಖರ ಅವರು 1973ರಲ್ಲಿ ಅಚ್ಚಿಗೆ ತಂದರು. ರಾತ್ರಿಯಿಡೀ ಜನರನ್ನು ಕೂರಿಸಿಕೊಳ್ಳುವ ಹಾಡುಗಾರ ಎಲ್ಲಿ ನಿಲ್ಲಿಸುತ್ತಾನೆ, ಯಾವ ಮಾತನ್ನು ಮರಳಿ ಹೇಳುತ್ತಾನೆ, ಎಲ್ಲಿ ನಗಿಸುತ್ತಾನೆ ಎಂಬುದನ್ನು ಗಮನಿಸಿದವನಿಗೆ ಕಥೆ ಕಟ್ಟುವ ಅರ್ಧ ವಿದ್ಯೆ ಬಂದಂತೆ.

ಕೇಳಿದ್ದನ್ನು ಆ ದಿನವೇ ಬರೆದಿಡಬೇಕು. ಬ್ಯಾಂಕಿನಲ್ಲಿ ಸಂಜೆಯ ನಗದು ತಾಳೆಯಾಗದೆ ಬಾಗಿಲು ಹಾಕುವುದಿಲ್ಲ. ನಾಳೆ ನೋಡೋಣ ಎಂದರೆ ಆ ಲೆಕ್ಕ ಸಿಕ್ಕುವುದೂ ಇಲ್ಲ. ಮಾತಿನ ಲೆಕ್ಕವೂ ಹಾಗೆಯೇ. ಜೇಬಿನಲ್ಲಿ ಹಿಡಿಸುವ ಒಂದು ಪುಸ್ತಕ, ಒಂದು ಪೆನ್ಸಿಲ್ ಸಾಕು. ದಿನಕ್ಕೆ ಮೂರು ಸಂಗತಿ ಬರೆಯಿರಿ: ಹೊಸದಾಗಿ ಕೇಳಿದ ಒಂದು ಪದ, ಯಾರೋ ಆಡಿದ ಒಂದು ಮಾತು ಇದ್ದಂತೆಯೇ, ಕಣ್ಣಿಗೆ ಬಿದ್ದ ಒಂದು ಸಣ್ಣ ಕೆಲಸ. ಅರಿಶಿನ ಬೇಯಿಸುವುದು, ಚೆಂಡುಹೂ ಮೂಟೆ ಕಟ್ಟುವುದು, ಅಟ್ಟಣೆಯ ಮೇಲೆ ಕುಳಿತು ಹೊಲ ಕಾಯುವುದು, ಯಾವುದಾದರೂ ಆಗಬಹುದು. ಸೋಲಿಗರು ತಮ್ಮ ನೆಲೆಯನ್ನು ‘ಪೋಡು’ ಎನ್ನುತ್ತಾರೆ. ಅಂಥ ಒಂದು ಪದ ಕೈಬಿಟ್ಟರೆ ಅದರ ಹಿಂದಿನ ಬದುಕೂ ಕಥೆಯಿಂದ ಬಿಟ್ಟುಹೋಗುತ್ತದೆ.

ಪತ್ರಿಕೆಯಲ್ಲಿ ‘ಕಾಡಾನೆ ದಾಳಿ, ಬೆಳೆ ನಾಶ’ ಎಂದು ಬರುತ್ತದೆ. ಹೊಲದವನು ಹೇಳುವುದು ‘ರಾತ್ರಿ ಬಂದು ಎಲ್ಲಾನೂ ತುಳ್ದಾಕ್ಬುಡ್ತು ಕನಪ್ಪ’ ಎಂದು. ಮೊದಲನೆಯದರಲ್ಲಿ ಮಾಹಿತಿಯಿದೆ, ಎರಡನೆಯದರಲ್ಲಿ ಒಬ್ಬ ಮನುಷ್ಯ ಇದ್ದಾನೆ. ಅಟ್ಟಣೆಯ ಮೇಲೆ ಆ ರಾತ್ರಿ ಯಾರಿದ್ದರು, ತಮಟೆ ಬಡಿದರೋ ಪಟಾಕಿ ಹೊಡೆದರೋ, ಆ ರಾಗಿಯನ್ನು ನಂಬಿ ಯಾರ ಮದುವೆಗೆ ದಿನ ನೋಡಿದ್ದರು ಎಂದು ಕೇಳುತ್ತಾ ಹೋದರೆ ಕಥೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಮಲಯಾಳದ ವೈಕ್ಕಂ ಮುಹಮ್ಮದ್ ಬಶೀರರು 1951ರಲ್ಲಿ ‘ನಮ್ಮಜ್ಜನಿಗೊಂದು ಆನೆಯಿತ್ತು’ ಎಂಬ ಅರ್ಥದ ಕಾದಂಬರಿ ಬರೆದಾಗ ಅದರ ಹೆಸರನ್ನೇ ಮನೆಯೊಳಗಿನ ಆಡುಮಾತಿನಲ್ಲಿ ಇಟ್ಟರು. ವ್ಯಾಕರಣದವರು ಏನನ್ನುತ್ತಾರೋ ಎಂದು ಕಾಯಲಿಲ್ಲ.

ಒಂದು ಎಚ್ಚರಿಕೆ ಮಾತ್ರ ಬೇಕು. ಆಡುನುಡಿಯಲ್ಲಿ ಬರೆಯುವವರು ಅದನ್ನು ಕೊನೆಯವರೆಗೂ ಒಂದೇ ಬಗೆಯಲ್ಲಿ ನಡೆಸಬೇಕು. ಮೊದಲ ಪುಟದಲ್ಲಿ ‘ತುಳ್ದಾಕ್ಬುಡ್ತು’ ಎಂದವನು ಮೂರನೆಯ ಪುಟದಲ್ಲಿ ‘ಧ್ವಂಸಗೊಳಿಸಿತು’ ಎನ್ನಬಾರದು. ನಿರೂಪಣೆ ಗ್ರಂಥಭಾಷೆಯಲ್ಲಿ, ಸಂಭಾಷಣೆ ಊರಮಾತಿನಲ್ಲಿ ಎಂದು ಗೆರೆ ಎಳೆದುಕೊಂಡರೆ ಹೊಸಬರಿಗೆ ಸುಲಭ.

ದಿನದ ಒಂದು ಗಂಟೆ

ಎರಡನೆಯ ಅಭ್ಯಾಸ ಹೊತ್ತು ಗೊತ್ತುಮಾಡಿಕೊಳ್ಳುವುದು. ಮಾಸ್ತಿಯವರು ಮೈಸೂರು ಸಂಸ್ಥಾನದ ಸಿವಿಲ್ ಸರ್ವಿಸಿನಲ್ಲಿ ದುಡಿಯುತ್ತಲೇ ‘ಶ್ರೀನಿವಾಸ’ ಎಂಬ ಹೆಸರಿನಲ್ಲಿ ಬರೆದರು. ಅವರ ‘ಕೆಲವು ಸಣ್ಣ ಕಥೆಗಳು’ ಬಂದದ್ದು 1920ರಲ್ಲಿ, ‘ಚಿಕವೀರ ರಾಜೇಂದ್ರ’ ಬಂದದ್ದು 1956ರಲ್ಲಿ, ಜ್ಞಾನಪೀಠ ಪ್ರಶಸ್ತಿ ಬಂದದ್ದು 1983ರಲ್ಲಿ. ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಪ್ಲಾಸ್ಟಿಕ್ ಉದ್ಯಮದ ರಸಾಯನ ತಂತ್ರಜ್ಞರು. ಆ ಮಹಾನಗರದಲ್ಲಿದ್ದುಕೊಂಡೇ ಉತ್ತರ ಕನ್ನಡದ ತಮ್ಮ ಹನೇಹಳ್ಳಿಯ ಕಥೆಗಳನ್ನು ದಶಕಗಳ ಕಾಲ ಬರೆದರು. 1979ರಲ್ಲಿ ‘ಶಿಕಾರಿ’ ಕೊಟ್ಟರು. ‘ತ್ರಿವೇಣಿ’ ಎಂಬ ಹೆಸರಿನಿಂದ ಬರೆದ ಅನಸೂಯಾ ಶಂಕರ್ ಅವರ ಮೊದಲ ಕಾದಂಬರಿ ‘ಅಪಸ್ವರ’ 1953ರದು. 1963ರಲ್ಲಿ, ಇನ್ನೂ 35 ತುಂಬುವ ಮೊದಲೇ, ಅವರು ತೀರಿಕೊಂಡರು. ನಡುವಿನ ಹತ್ತು ವರ್ಷಗಳಲ್ಲಿ ಇಪ್ಪತ್ತರಷ್ಟು ಕಾದಂಬರಿ ಬರೆದಿದ್ದರು. ಪುರಸೊತ್ತು ಸಿಕ್ಕಾಗ ಬರೆಯುವೆನೆಂದು ಇವರಲ್ಲಿ ಯಾರು ಕಾದಿದ್ದರೂ ಇಷ್ಟು ಕೆಲಸ ಆಗುತ್ತಿರಲಿಲ್ಲ.

ಮನೆವಾರ್ತೆಯ ಹೆಂಗಸರಿಗೆ ಸಾರಾ ಅಬೂಬಕ್ಕರ್ ಅವರ ಬಾಳೇ ಪಾಠ. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ ಕನ್ನಡ ಶಾಲೆಯಲ್ಲಿ ಕಲಿತರು. ಬೇಗ ಮದುವೆಯಾಯಿತು. ನಾಲ್ವರು ಗಂಡುಮಕ್ಕಳನ್ನು ಬೆಳೆಸಿದರು. ಬರವಣಿಗೆ ಹಿಡಿದದ್ದು ನಲವತ್ತು ದಾಟಿದ ಮೇಲೆ. 1980ರ ದಶಕದ ಮೊದಲಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಅವರ ‘ಚಂದ್ರಗಿರಿಯ ತೀರದಲ್ಲಿ’ ಧಾರಾವಾಹಿಯಾಗಿ ಬಂದಾಗ ನಾದಿರಾಳ ಕಥೆ ನಾಡನ್ನೇ ಮಾತಾಡಿಸಿತು. 2023ರಲ್ಲಿ ಅವರು ತೀರಿಕೊಳ್ಳುವವರೆಗೂ ಬರವಣಿಗೆಯೂ ಅದರ ಮೇಲಿನ ವಾದವಿವಾದವೂ ನಿಲ್ಲಲಿಲ್ಲ. ವಯಸ್ಸು ಮೀರಿತು ಎನ್ನುವವರು ಅವರನ್ನು ನೆನೆಯಬೇಕು.

ಲೆಕ್ಕ ಹಾಕಿ ನೋಡೋಣ. ದಿನಕ್ಕೆ 150 ಪದ ಬರೆದರೆ ತಿಂಗಳಿಗೆ 4,500 ಪದ. ಎರಡು ಸಣ್ಣಕಥೆಗಳ ಮೊದಲ ಕರಡಿಗೆ ಅದು ಸಾಕು. ವರ್ಷಕ್ಕೆ 50,000 ಪದ ಮೀರುತ್ತದೆ. ಅದು ಸಾಧಾರಣ ಗಾತ್ರದ ಒಂದು ಕಾದಂಬರಿ. ನೂರೈವತ್ತು ಪದ ಎಂದರೆ ನೋಟ್‌ಬುಕ್ಕಿನ ಒಂದು ಪುಟ. ಆವರ್ತ ಠೇವಣಿಯ ಹಾಗೆ ಇದೂ ಕಂತು ತಪ್ಪದಿದ್ದರೆ ಮಾತ್ರ ಬೆಳೆಯುತ್ತದೆ. ಭಾನುವಾರ ಒಂದೇ ದಿನ ಸಾವಿರ ಪದ ಬರೆಯುವೆನೆಂದು ಕುಳಿತವನಿಗೆ ಹಿಂದಿನ ವಾರದ ಪಾತ್ರದ ಹೆಸರೇ ಮರೆತಿರುತ್ತದೆ.

ಬೆಳಗಿನ ಐದು ಗಂಟೆಯೋ ರಾತ್ರಿಯ ಹತ್ತು ಗಂಟೆಯೋ, ಮನೆಯವರು ಒಪ್ಪುವ ಹೊತ್ತನ್ನು ಆರಿಸಿಕೊಳ್ಳಿ. ಆ ಹೊತ್ತಿನಲ್ಲಿ ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಬರೆಯಲು ಏನೂ ತೋಚದಿದ್ದರೆ ನಿನ್ನೆಯ ಪುಟವನ್ನು ಒಳ್ಳೆಯ ಅಕ್ಷರದಲ್ಲಿ ಪ್ರತಿ ಮಾಡಿ. ಅರ್ಧ ಪುಟ ಪ್ರತಿ ಮಾಡುವುದರೊಳಗೆ ಮುಂದಿನ ಸಾಲು ಬರುತ್ತದೆ. ಒಂದು ದಿನದ ಬರವಣಿಗೆಯನ್ನು ಪೂರ್ತಿ ಬತ್ತಿಸಿ ಏಳಬಾರದು. ನಾಳೆ ಎಲ್ಲಿಂದ ಹಿಡಿಯಬೇಕೆಂದು ತಿಳಿದಿರುವಲ್ಲಿ ನಿಲ್ಲಿಸಿದರೆ ನಾಳೆ ಕೂರುವುದು ಸುಲಭ.

ತಿಳಿದು ಬರೆಯುವುದು, ಕಾದು ಬರೆಯುವುದು

ಮೂರನೆಯ ಅಭ್ಯಾಸ ವಿಷಯವನ್ನು ಕಾಲಿನಿಂದ ತಿಳಿಯುವುದು. ಶಿವರಾಮ ಕಾರಂತರು ಜಿಲ್ಲೆಯ ಮೂಲೆ ಮೂಲೆ ತಿರುಗಿದವರು. 1933ರ ‘ಚೋಮನ ದುಡಿ’ಯಲ್ಲಿ ಸ್ವಂತ ಬೇಸಾಯ ಮಾಡುವ ಆಸೆ ಹೊತ್ತ ಕೂಲಿಯಾಳಿನ ಬದುಕು, 1943ರ ‘ಬೆಟ್ಟದ ಜೀವ’ದಲ್ಲಿ ಸುಬ್ರಹ್ಮಣ್ಯದ ಕಡೆಯ ಕಾಡಿನ ನಡುವೆ ತೋಟ ಮಾಡಿಕೊಂಡು, ಮನೆ ಬಿಟ್ಟು ಹೋದ ಮಗನ ದಾರಿ ಕಾಯುವ ಗೋಪಾಲಯ್ಯ ಶಂಕರಿಯರ ಬದುಕು ಅಷ್ಟು ನಂಬುವಂತೆ ಬಂದದ್ದು ಆ ತಿರುಗಾಟದಿಂದ. ಎಸ್.ಎಲ್. ಭೈರಪ್ಪನವರು ‘ಪರ್ವ’ ಬರೆಯುವ ಮೊದಲು ಮಹಾಭಾರತದ ಸ್ಥಳಗಳನ್ನು ಸುತ್ತಿದರು, ಹಿಮಾಲಯದ ತಪ್ಪಲಿನ ಹಳ್ಳಿಗಳಿಗೂ ಹೋಗಿ ಅಲ್ಲಿನ ಮದುವೆಯ ಪದ್ಧತಿಗಳನ್ನು ಕಂಡು ಬಂದರು. ಅದು ಅಚ್ಚಾದದ್ದು 1979ರಲ್ಲಿ. 2025ರಲ್ಲಿ ತೀರಿಕೊಂಡ ಅವರ ವಿಚಾರಗಳನ್ನು ಒಪ್ಪದವರೂ ಅವರ ತಯಾರಿಯನ್ನು ಒಪ್ಪುತ್ತಾರೆ. ನಮ್ಮವರಿಗೆ ಹಿಮಾಲಯ ಬೇಡ. ಅರಿಶಿನದ ಕಥೆ ಬರೆಯುವವನು ಒಮ್ಮೆ ಈರೋಡಿನ ಅರಿಶಿನ ಮಂಡಿಗೆ ಹೋಗಿ ಹರಾಜು ಹೇಗೆ ನಡೆಯುತ್ತದೆಂದು ನಿಂತು ನೋಡಿ ಬರಲಿ.

ನಾಲ್ಕನೆಯದು ತಾಳ್ಮೆ. ಕಾಸರಗೋಡಿನವರಿಗೆ ನಿರಂಜನರ ‘ಚಿರಸ್ಮರಣೆ’ಯನ್ನು ಪರಿಚಯಿಸುವ ಅಗತ್ಯವಿಲ್ಲ. ಕಯ್ಯೂರಿನ ಘಟನೆ ನಡೆದದ್ದು 1941ರ ಮಾರ್ಚ್‌ನಲ್ಲಿ. ನಾಲ್ವರು ಯುವಕರನ್ನು ಕಣ್ಣೂರಿನ ಜೈಲಿನಲ್ಲಿ ಗಲ್ಲಿಗೇರಿಸಿದ್ದು 1943ರ ಮಾರ್ಚ್ 29ರಂದು. ನೀಲೇಶ್ವರದಲ್ಲಿ ಓದಿ ಆ ಸೀಮೆಯನ್ನು ಬಲ್ಲ ನಿರಂಜನರ ಕಾದಂಬರಿ ಬಂದದ್ದು 1955ರಲ್ಲಿ. ಹನ್ನೆರಡು ವರ್ಷಗಳಲ್ಲಿ ಸಿಟ್ಟು ಆರಿ ನೆನಪು ಉಳಿದಿತ್ತು. ಮಲಯಾಳದ ನೆಲದಲ್ಲಿ ನಡೆದದ್ದನ್ನು ಕನ್ನಡದಲ್ಲಿ ಬರೆದು, ಅದು ಮತ್ತೆ ಮಲಯಾಳಕ್ಕೆ ಹೋಗಿ ಅಲ್ಲಿನವರದೇ ಆಯಿತು. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ 1936ರದು, ‘ಮಲೆಗಳಲ್ಲಿ ಮದುಮಗಳು’ 1967ರದು. ನಡುವೆ 31 ವರ್ಷ.

ಹೊಸಬರು ಹನ್ನೆರಡು ವರ್ಷ ಕಾಯಬೇಕಿಲ್ಲ. ಬರೆದ ಕಥೆಯನ್ನು ಒಂದು ತಿಂಗಳು ಟ್ರಂಕಿನಲ್ಲಿಡಿ. ತೆಗೆದು ಗಟ್ಟಿಯಾಗಿ ಓದಿ. ನಾಲಿಗೆ ತೊಡರಿದ ವಾಕ್ಯ ಕೆಟ್ಟ ವಾಕ್ಯ, ಅದನ್ನು ತಿದ್ದಿ. ಆಮೇಲೆ ಮನೆಯ ಹಿರಿಯರೊಬ್ಬರಿಗೆ ಓದಿ ಹೇಳಿ. ಅವರು ಎಲ್ಲಿ ‘ಆಮೇಲೇನಾಯ್ತು?’ ಎಂದು ಕೇಳುತ್ತಾರೋ ಅಲ್ಲಿ ಕಥೆ ಗೆದ್ದಿದೆ. ಎಲ್ಲಿ ಆಕಳಿಸುತ್ತಾರೋ ಅಲ್ಲಿ ಪುಟ ಹೆಚ್ಚಾಗಿದೆ. ಚಂದು ಮೇನೋನರೂ ಮೊದಲು ಇಂಗ್ಲಿಷ್ ಕಾದಂಬರಿಗಳ ಕಥೆಯನ್ನು ಮನೆಯವರಿಗೆ ಬಾಯಲ್ಲಿ ಹೇಳುತ್ತಿದ್ದರಂತೆ. ಕೇಳುವವರ ಒತ್ತಾಯಕ್ಕೆ ಒಂದನ್ನು ಅನುವಾದಿಸಲು ಹೊರಟರು. ಅದು ಹೊಂದಿಬರಲಿಲ್ಲ. ಆಗ ಸ್ವಂತ ಕಥೆಗೆ ಕೈಹಾಕಿ ಸುಮಾರು ಎರಡು ತಿಂಗಳಲ್ಲಿ ಮುಗಿಸಿದರು. ಆ ಎರಡು ತಿಂಗಳ ಹಿಂದೆ ಮನೆಯ ಜಗಲಿಯ ಎಷ್ಟೋ ಸಂಜೆಗಳಿದ್ದವು.

ಓದು, ಅನುವಾದ, ಅಚ್ಚು

ಓದದೆ ಬರೆಯುವುದು ಬಿತ್ತದೆ ಕೊಯ್ಯಲು ಹೋದಂತೆ. ಗಡಿನಾಡಿನವರಿಗೆ ಓದಿನಲ್ಲಿಯೂ ಒಂದು ಅನುಕೂಲವಿದೆ. ಪಕ್ಕದ ಭಾಷೆಯ ಒಂದು ಪುಟವನ್ನು ವಾರಕ್ಕೊಮ್ಮೆ ಕನ್ನಡಕ್ಕೆ ತನ್ನಿ; ಕಾಸರಗೋಡಿನವರು ಮಲಯಾಳದಿಂದ, ನಾವು ತಮಿಳಿನಿಂದ. ಸಾರಾ ಅವರು ಸ್ವಂತ ಕಥೆಗಳ ಜೊತೆಗೆ ಮಲಯಾಳದ ಲೇಖಕಿಯರ ಕೃತಿಗಳನ್ನೂ ಕನ್ನಡಕ್ಕೆ ತಂದರು. ಬೇರೊಬ್ಬ ಕಥೆಗಾರ ವಾಕ್ಯವನ್ನು ಹೇಗೆ ಕಟ್ಟಿದ್ದಾನೆಂದು ಬಿಚ್ಚಿ ನೋಡಲು ಅನುವಾದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಆಮೇಲೆ ಅಚ್ಚಿಗೆ ಕಳಿಸಬೇಕು. ಪಂಜೆಯವರ ಕಥೆಗಳು ಬಂದದ್ದು ಮಂಗಳೂರಿನ ಸಣ್ಣ ಪತ್ರಿಕೆಯಲ್ಲಿ. ಬಾಗಲಕೋಟೆಯ ವಕೀಲ ಕೆರೂರು ವಾಸುದೇವಾಚಾರ್ಯರು ಕಥೆಗಳಿಗಾಗಿ ತಾವೇ ಪತ್ರಿಕೆ ನಡೆಸಿದರು. ದೊಡ್ಡ ವಾರಪತ್ರಿಕೆಗೆ ಕಳಿಸಿ ಮರಳಿ ಬಂದರೆ ಬರವಣಿಗೆಯನ್ನೇ ಬಿಡುವುದು ಸರಿಯಲ್ಲ. ಊರಿನ ವಾರ್ಷಿಕ, ಶಾಲೆಯ ಸ್ಮರಣ ಸಂಚಿಕೆ, ಸಂಘದ ಬೆಳ್ಳಿಹಬ್ಬದ ಪುಸ್ತಕ, ಇವು ಕಥೆಗಾರನ ಮೊದಲ ಮೆಟ್ಟಿಲುಗಳು. ಒಂದು ಪ್ರತಿಯನ್ನು ಕೈಯಲ್ಲಿ ಉಳಿಸಿಕೊಂಡು ಇನ್ನೊಂದನ್ನು ಕಳಿಸಿ, ಉತ್ತರ ಬರುವವರೆಗೆ ಮುಂದಿನ ಕಥೆಗೆ ಕೂರಬೇಕು. ‘ಹಾರ್ಟ್ ಲ್ಯಾಂಪ್’ನ ಹನ್ನೆರಡು ಕಥೆಗಳು ಬಾನು ಮುಷ್ತಾಕ್ ಅವರು 1990ರಿಂದ 2023ರವರೆಗೆ ಬರೆದವುಗಳಿಂದ ಆರಿಸಿದವು. ವಕೀಲಿ ವೃತ್ತಿಯ ನಡುವೆ ಬರೆದ ಕಥೆಗಳು ಮೂವತ್ತು ವರ್ಷಗಳ ಮೇಲೆ ಲಂಡನ್ನಿಗೆ ಹೋದವು.

ಕನ್ನಡದ ಒಂದು ಜನಪದ ಕಥೆಯಿದೆ, ಎ.ಕೆ. ರಾಮಾನುಜನ್ ಅವರು ಸಂಗ್ರಹಿಸಿದ್ದು, ಗಿರೀಶ ಕಾರ್ನಾಡರು ‘ನಾಗಮಂಡಲ’ದಲ್ಲಿ ಬಳಸಿಕೊಂಡದ್ದು. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿದ್ದವು. ಅವಳು ಯಾರಿಗೂ ಹೇಳಲಿಲ್ಲ. ಒಳಗೇ ಉಸಿರುಕಟ್ಟಿದ ಅವು ಒಂದು ದಿನ ಹೊರಗೆ ಬಂದು, ಒಂದು ಜೋಡಾಗಿ ಬಾಗಿಲಲ್ಲಿ ಕೂತಿತು, ಇನ್ನೊಂದು ಗಂಡಸಿನ ಅಂಗಿಯಾಗಿ ಗೂಟಕ್ಕೆ ನೇತುಬಿತ್ತು. ಗಂಡ ಬಂದು ನೋಡಿ, ಮನೆಗೆ ಬಂದವರು ಯಾರೆಂದು ಸಿಡಿಮಿಡಿಗೊಂಡ. ಅವಳಿಗೆ ಏನೂ ತಿಳಿಯದು. ಹೇಳದೆ ಉಳಿದ ಕಥೆ ಮನೆಗೆ ಜಗಳ ತಂದಿತು. ಇಷ್ಟು ಬುದ್ಧಿಯ ಮಾತನ್ನು ಕಥೆಯ ಬಗ್ಗೆ ಹೇಳಿದವರು ಅಕ್ಷರ ಬಾರದ ನಮ್ಮ ಅಜ್ಜಿಯರೇ.

ಅಕ್ಷರದ ಪ್ರಶ್ನೆ

ಆದರೆ ಇಷ್ಟೆಲ್ಲ ಅಭ್ಯಾಸಗಳಿಗೂ ಒಂದು ತಳಪಾಯ ಬೇಕು. ತಾಳವಾಡಿಯ ಕಡೆ ಕನ್ನಡ ಮಾಧ್ಯಮದ ಶಾಲೆಗಳಿವೆ. ಆದರೂ ತಮಿಳು, ಇಂಗ್ಲಿಷ್ ಮಾಧ್ಯಮಕ್ಕೆ ಹೋಗುವ ಮಕ್ಕಳು ಬಹಳ. ತಮಿಳುನಾಡಿನ 2006ರ ತಮಿಳು ಕಲಿಕೆ ಕಾಯ್ದೆಯಂತೆ ಒಂದನೆಯ ತರಗತಿಯಿಂದ ಹಂತ ಹಂತವಾಗಿ ತಮಿಳು ಕಡ್ಡಾಯವಾಯಿತು. ಕೇರಳದಲ್ಲಿ 2017ರಲ್ಲಿ ಮಲಯಾಳ ಕಡ್ಡಾಯದ ಕಾನೂನು ಬಂದಾಗ ಕಾಸರಗೋಡಿನ ಮನೆಗಳಲ್ಲಿ ಎದ್ದ ಆತಂಕ ಓದುಗರಿಗೆ ನೆನಪಿದೆ. ನಾವಿರುವ ರಾಜ್ಯದ ಭಾಷೆಯನ್ನು ಚೆನ್ನಾಗಿ ಕಲಿಯುವುದರಲ್ಲಿ ಕೇಡೇನೂ ಇಲ್ಲ; ಕೆಲಸಕ್ಕೂ ಬೇಕು, ನೆರೆಹೊರೆಗೂ ಬೇಕು. ಕೇಡಿರುವುದು ಮನೆಯಲ್ಲಿ ಕನ್ನಡ ಆಡುವ ಮಗುವಿಗೆ ಕನ್ನಡ ಓದಲು ಬಾರದೆ ಹೋಗುವುದರಲ್ಲಿ. ಮಾದೇಶ್ವರನ ಹಾಡಿಗೆ ದನಿಗೂಡಿಸುವ ಹುಡುಗನಿಗೆ ಆ ಹಾಡಿನ ಪುಸ್ತಕ ಕೊಟ್ಟರೆ ಒಂದಕ್ಷರವೂ ಓದಲಾಗದ ಸ್ಥಿತಿ ನಮ್ಮ ಮನೆಗಳಿಗೆ ಹೊಕ್ಕಿದೆ. ಹಾಗೆ ಬೆಳೆದವನು ಮುಂದೆ ಒಳ್ಳೆಯ ಕಥೆಗಾರನಾದರೂ ಕನ್ನಡದ ಕಥೆಗಾರನಾಗಲಾರ.

ಸರ್ಕಾರಗಳಿಗೆ ಮನವಿ ಕೊಡುವುದು ಸಂಘಸಂಸ್ಥೆಗಳ ಕೆಲಸ, ಅದು ನಡೆಯುತ್ತಿರಲಿ. ಮನೆಯ ಕೆಲಸ ಮನೆಯಲ್ಲಿಯೇ ಆಗಬೇಕು. ರಾತ್ರಿ ಊಟವಾದ ಮೇಲೆ ಕಾಲು ಗಂಟೆ ಮಕ್ಕಳಿಂದ ಕನ್ನಡ ಪತ್ರಿಕೆಯ ಒಂದು ಅಂಕಣ ಓದಿಸಿ. ವಾರಕ್ಕೊಮ್ಮೆ ಅಜ್ಜಿ ಹೇಳಿದ ಒಂದು ಸಂಗತಿಯನ್ನು ಅಜ್ಜಿಯ ಮಾತಿನಲ್ಲಿಯೇ, ಮಗುವಿನ ಕೈಯಿಂದ ಬರೆಸಿ. ಕಾಗುಣಿತ ತಪ್ಪಿದರೆ ಬೈಯದೆ ಪಕ್ಕದಲ್ಲಿ ಸರಿಯಾಗಿ ಬರೆದು ತೋರಿಸಿ. ಪುಟದ ಮೇಲೆ ಊರಿನ ಹೆಸರು, ತಾರೀಖು, ಹೇಳಿದವರ ಹೆಸರು ಇರಲಿ. ಐವತ್ತೆರಡು ವಾರಕ್ಕೆ ಐವತ್ತೆರಡು ಪುಟ ಆಗುತ್ತದೆ. ಅದರಲ್ಲಿ ನಲವತ್ತು ಬರೀ ನೆನಪಾಗಿ ಉಳಿಯಬಹುದು, ಹತ್ತು ಒಳ್ಳೆಯ ಟಿಪ್ಪಣಿಗಳಾಗಬಹುದು. ಉಳಿದ ಎರಡು ಕಥೆಯಾದರೂ ಮುಂದಿನ ವರ್ಷದ ಈ ವಾರ್ಷಿಕದ ಸಂಪಾದಕರಿಗೆ ತಾಳವಾಡಿಯಿಂದ ಒಂದು ಲಕೋಟೆ, ಕಾಸರಗೋಡಿನ ಹಳ್ಳಿಯಿಂದ ಒಂದು ಲಕೋಟೆ ಹೆಚ್ಚಾಗಿ ಬರುತ್ತದೆ.